ಮಣ್ಣಿನ ಮಕ್ಕಳ ಚಿತ್ರಕಾರ ಮಿಲೆ

ಅರಸರ ಪಟ್ಟಾಭಿಷೇಕ, ಯುದ್ಧಗಳ ವಿಜಯೋತ್ಸವ, ಪುರಾಣದ ದೇವದೇವತೆಯರ ವಿಲಾಸ ಇವನ್ನು ಚಿತ್ರಿಸುವುದೇ ಚಿತ್ರಕಲೆಯ ಉನ್ನತ ಗುರಿಯೆಂದು ಯೂರೋಪಿನ ಕಲಾಪರಿಷತ್ತುಗಳು ಬಹುಕಾಲ ನಂಬಿದ್ದವು. ಹೊಲದಲ್ಲಿ ಬಾಗಿದ ಬೆನ್ನು, ಮಣ್ಣು ಮೆತ್ತಿದ ಮರದ ಪಾದರಕ್ಷೆ, ಬಿಸಿಲಿಗೆ ಕಂದಿದ ಮುಖ ಇವು ಚಿತ್ರದ ಒಂದು ಮೂಲೆಯಲ್ಲಿ ಅಲಂಕಾರಕ್ಕೋ ವಿನೋದಕ್ಕೋ ಬಂದರೆ ಬರಬಹುದಾಗಿತ್ತು. ಚಿತ್ರದ ನಟ್ಟನಡುವೆ, ಅರಸನು ನಿಲ್ಲುವ ಸ್ಥಾನದಲ್ಲಿ, ರೈತನು ನಿಲ್ಲಬಹುದೆಂಬ ಕಲ್ಪನೆ ಅಂದಿನ ಬಹುಮಂದಿ ರಸಿಕರಿಗೆ ಸಹಿಸದ ಮಾತಾಗಿತ್ತು. ಆ ಸ್ಥಾನದಲ್ಲಿ ರೈತನನ್ನು ತಂದು ನಿಲ್ಲಿಸಿ, ಅದಕ್ಕಾಗಿ ನಿಂದೆಯನ್ನೂ ಬಡತನವನ್ನೂ ಜೀವಮಾನವಿಡೀ ಹೊತ್ತವನು ಫ್ರಾನ್ಸ್ ದೇಶದ ಚಿತ್ರಕಾರ ಜಾನ್ ಫ್ರಾನ್ಸ್ವಾ ಮಿಲೆ.

ಮಿಲೆ ಹುಟ್ಟಿದ್ದು 1814ನೆಯ ಇಸವಿ ಅಕ್ಟೋಬರ್ 4ರಂದು, ನಾರ್ಮಂಡಿ ಪ್ರಾಂತದ ಕಡಲಂಚಿನಲ್ಲಿರುವ ಗ್ರೆವಿಲ್ ಗ್ರಾಮಕ್ಕೆ ಸೇರಿದ ಗ್ರುಶಿ ಎಂಬ ಪುಟ್ಟ ಹಳ್ಳಿಯಲ್ಲಿ. ಒಂದು ಕಡೆ ಕಡಿದಾದ ಬಂಡೆಗಳ ಕೆಳಗೆ ಭೋರ್ಗರೆಯುವ ಸಮುದ್ರ, ಇನ್ನೊಂದು ಕಡೆ ಕಲ್ಲುಗೋಡೆಗಳ ನಡುವಿನ ಹೊಲಗಳು. ತಂದೆ ಜಾನ್ ಲೂಯಿ ಒಕ್ಕಲುತನದವನು. ಊರ ಚರ್ಚಿನಲ್ಲಿ ಗಾಯನವನ್ನು ನಡೆಸಿಕೊಡುತ್ತಿದ್ದವನು. ತಾಯಿಯೂ ಹೊಲದ ದುಡಿಮೆಯಲ್ಲಿ ಸರಿಸಮನಾಗಿ ಕೈಗೂಡಿಸುತ್ತಿದ್ದುದರಿಂದ ಮಗುವಿನ ಲಾಲನೆ ಪಾಲನೆಗಳು ಅಜ್ಜಿಯ ಪಾಲಿಗೆ ಬಂದವು. ದೈವಭಕ್ತೆಯಾದ ಆ ಅಜ್ಜಿಯೂ, ಪಾದ್ರಿಯಾಗಿದ್ದರೂ ಹೊಲಕ್ಕಿಳಿದು ದುಡಿಯುತ್ತಿದ್ದ ಚಿಕ್ಕಜ್ಜನೊಬ್ಬನೂ ಹುಡುಗನ ಮೊದಲ ಗುರುಗಳು. ಮುಂದೆ ಊರಿನ ಪಾದ್ರಿಗಳು ಅವನಿಗೆ ಲ್ಯಾಟಿನ್ ಕಲಿಸಿದರು. ಬೈಬಲ್ ಮತ್ತು ಪ್ರಾಚೀನ ರೋಮಿನ ಕವಿ ವರ್ಜಿಲನ ಕಾವ್ಯಗಳು ಅವನ ನೆಚ್ಚಿನ ಓದಾದವು. ಮಿಲೆಯನ್ನು ಅಕ್ಷರಜ್ಞಾನವಿಲ್ಲದ ಹಳ್ಳಿಗನೆಂದು ಪ್ಯಾರಿಸಿನ ವಿಮರ್ಶಕರು ಮುಂದೆ ಭಾವಿಸಿದ್ದುಂಟು. ವಸ್ತುಸ್ಥಿತಿ ಹಾಗಿರಲಿಲ್ಲ. ಉತ್ತು, ಬಿತ್ತಿ, ಕುಯ್ದು, ಒಕ್ಕಿ, ತೂರಿ ಬೆಳೆದ ಆ ಹುಡುಗ ಕೃಷಿಜೀವನವನ್ನು ಕುರಿತ ವರ್ಜಿಲನ ಕಾವ್ಯವನ್ನು ಮೂಲದಲ್ಲಿಯೇ ಓದಬಲ್ಲವನಾಗಿದ್ದನು.

ಹಿರಿಯ ಮಗನಾದವನು ಬೇಸಾಯವನ್ನು ಮುಂದುವರಿಸಬೇಕೆಂಬುದು ಆ ನಾಡಿನ ವಾಡಿಕೆ. ಆದರೆ ಹುಡುಗನ ಕೈ ಬಿಡುವಾದಾಗಲೆಲ್ಲ ಇದ್ದಿಲನ್ನು ಹುಡುಕುತ್ತಿತ್ತು. ಒಮ್ಮೆ ಚರ್ಚಿನಿಂದ ಮನೆಗೆ ಮರಳುತ್ತಿದ್ದ ಬೆನ್ನುಬಾಗಿದ ಮುದುಕನೊಬ್ಬನ ಆಕೃತಿಯನ್ನು ಅವನು ನೆನಪಿನಿಂದಲೇ ಬಿಡಿಸಿದಾಗ ಮನೆಯವರೆಲ್ಲ ಅದು ಯಾರೆಂದು ಥಟ್ಟನೆ ಗುರುತಿಸಿದರೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ತಂದೆ ಅಡ್ಡಿಮಾಡಲಿಲ್ಲ. ಕಿರಿಯ ಮಕ್ಕಳು ದುಡಿಯುವಷ್ಟು ದೊಡ್ಡವರಾಗುವವರೆಗೆ ಕಾದಿದ್ದು, 1833ರಲ್ಲಿ ಮಗನನ್ನು ಸಮೀಪದ ಬಂದರು ಪಟ್ಟಣವಾದ ಶೆರ್ಬೂರಿಗೆ ಕರೆದೊಯ್ದು ಮುಶೆಲ್ ಎಂಬ ಚಿತ್ರಕಾರನ ಬಳಿ ಬಿಟ್ಟನು. ಹಳ್ಳಿಯಿಂದ ತಂದ ರೇಖಾಚಿತ್ರಗಳನ್ನು ಈ ಹುಡುಗನೇ ಬರೆದನೆಂದು ಆ ಗುರು ಮೊದಲು ನಂಬಲಿಲ್ಲವಂತೆ. ನಂಬಿಕೆ ಬಂದ ಮೇಲೆ, ಇಂತಹವನನ್ನು ಇಷ್ಟು ಕಾಲ ನೇಗಿಲಿಗೆ ಕಟ್ಟಿದ್ದಕ್ಕಾಗಿ ತಂದೆಯನ್ನೇ ಗದರಿಸಿದನಂತೆ.

1835ರ ನವೆಂಬರಿನಲ್ಲಿ ತಂದೆ ತೀರಿಕೊಂಡನು. ಮಿಲೆ ಕುಂಚವನ್ನು ಕೆಳಗಿಟ್ಟು ಹಳ್ಳಿಗೆ ಮರಳಿದನು. ಮನೆಯ ಹೊಣೆ ತನ್ನದೆಂದು ಆತ ಭಾವಿಸಿದ್ದು ಸಹಜವೇ. ಅವನನ್ನು ತಿರುಗಿ ಕಳುಹಿಸಿದವಳು ಅಜ್ಜಿ. ಮಗ ಚಿತ್ರಕಾರನಾಗಬೇಕೆಂಬುದು ತಂದೆಯ ಇಚ್ಛೆಯಾಗಿದ್ದಿತೆಂದೂ ಅದನ್ನು ಮೀರಲಾಗದೆಂದೂ ಆಕೆ ಪಟ್ಟುಹಿಡಿದಳು. ದುಡಿಯುವ ಎರಡು ಕೈಗಳನ್ನು ಹೊಲದಿಂದ ಬಿಟ್ಟುಕೊಡುವುದು ಬಡ ಒಕ್ಕಲಿನ ಮನೆಗೆ ಸಣ್ಣ ತ್ಯಾಗವಲ್ಲ. ಶೆರ್ಬೂರಿನಲ್ಲಿ ಅವನ ಎರಡನೆಯ ಗುರುವಾದ ಲಾಂಗ್ಲ್ವಾ ಎಂಬವನು ಪಟ್ಟಣದ ಹಿರಿಯರಿಗೆ ಮನವಿ ಸಲ್ಲಿಸಿ ಶಿಷ್ಯನಿಗೆ ವಿದ್ಯಾರ್ಥಿವೇತನ ದೊರಕುವಂತೆ ಮಾಡಿದನು. ಹೀಗೆ ಮನೆಯವರ ತ್ಯಾಗ, ಗುರುವಿನ ವಾತ್ಸಲ್ಯ, ಊರಿನ ನೆರವು ಈ ಮೂರರ ಬಲದಿಂದ 1837ರಲ್ಲಿ ಇಪ್ಪತ್ತೆರಡರ ತರುಣ ಪ್ಯಾರಿಸ್ ಮಹಾನಗರವನ್ನು ಮುಟ್ಟಿದನು.

ಪ್ಯಾರಿಸ್ ಅವನನ್ನು ಅಕ್ಕರೆಯಿಂದ ಬರಮಾಡಿಕೊಳ್ಳಲಿಲ್ಲ. ಲೂವ್ರ್ ಸಂಗ್ರಹಾಲಯದ ದಾರಿಯನ್ನು ಯಾರಲ್ಲಿಯಾದರೂ ಕೇಳಿದರೆ ನಕ್ಕಾರೆಂಬ ಸಂಕೋಚದಿಂದ ಆ ಹಳ್ಳಿಯ ತರುಣ ಕೆಲವು ದಿನ ಬೀದಿಗಳಲ್ಲಿ ಸುಮ್ಮನೆ ಅಲೆದಾಡಿದನೆಂಬ ಕಥೆಯುಂಟು. ಅಂದಿನ ಪ್ರಸಿದ್ಧ ಚಿತ್ರಕಾರ ಪಾಲ್ ದೆಲಾರೋಶನ ಕಲಾಶಾಲೆಯಲ್ಲಿ ಸಹಪಾಠಿಗಳು ಅವನನ್ನು ಕಾಡುಮನುಷ್ಯನೆಂದು ಹಾಸ್ಯಮಾಡುತ್ತಿದ್ದರು. ಅಲ್ಲಿನ ಬೋಧನೆಗಿಂತ ಲೂವ್ರ್ ಸಂಗ್ರಹಾಲಯದಲ್ಲಿದ್ದ ಮೈಕೆಲೇಂಜೆಲೊ, ಮಾಂತೆನಾ, ಪುಸ್ಸಾಂ ಮೊದಲಾದ ಪೂರ್ವಸೂರಿಗಳ ಕೃತಿಗಳೇ ಅವನಿಗೆ ನಿಜವಾದ ಪಾಠವಾದವು. 1839ರಲ್ಲಿ ರೋಮ್ ಪಾರಿತೋಷಕದ ಸ್ಪರ್ಧೆಯಲ್ಲಿ ಸೋಲಾಯಿತು, ವಿದ್ಯಾರ್ಥಿವೇತನವೂ ನಿಂತಿತು. ಅಲ್ಲಿಂದ ಮುಂದೆ ಹತ್ತು ವರ್ಷ ಹೊಟ್ಟೆಪಾಡಿನ ಹೋರಾಟ. ಶೆರ್ಬೂರಿಗೆ ಮರಳಿ ಭಾವಚಿತ್ರಗಳನ್ನು ಬರೆದನು. ದಿವಂಗತನಾದ ಪುರಾಧ್ಯಕ್ಷನೊಬ್ಬನ ಭಾವಚಿತ್ರವನ್ನು ಬರೆಸಿದ ಪಟ್ಟಣದವರು ಅದು ಆ ಮನುಷ್ಯನನ್ನು ಹೋಲುವುದಿಲ್ಲವೆಂದು ಒಪ್ಪಿದ ಹಣ ಕೊಡಲು ಹಿಂದೆಗೆದಾಗ, ಸ್ವಾಭಿಮಾನಿಯಾದ ಮಿಲೆ ಚಿತ್ರವನ್ನು ಉಚಿತವಾಗಿಯೇ ಕೊಟ್ಟುಬಿಟ್ಟನು.

1841ರಲ್ಲಿ ಮಿಲೆ ಶೆರ್ಬೂರಿನ ಪಾಲಿನ್ ಓನೊ ಎಂಬ ಕನ್ಯೆಯನ್ನು ಮದುವೆಯಾಗಿ ಪ್ಯಾರಿಸಿಗೆ ಕರೆತಂದನು. ದುರ್ಬಲ ದೇಹದ ಆ ಹೆಣ್ಣುಮಗಳು ಬಡತನದ ಕೋಣೆಯಲ್ಲಿ ಕ್ಷಯರೋಗಕ್ಕೆ ತುತ್ತಾಗಿ 1844ರ ಏಪ್ರಿಲಿನಲ್ಲಿ ತೀರಿಕೊಂಡಳು. ಕೆಲಕಾಲದ ನಂತರ ಕ್ಯಾಥರಿನ್ ಲಮೇರ್ ಎಂಬಾಕೆ ಅವನ ಬಾಳಸಂಗಾತಿಯಾದಳು. ಒಂಬತ್ತು ಮಕ್ಕಳ ತಾಯಿಯಾಗಿ, ಸಾಲಗಾರರ ಕಾಟವನ್ನೂ ಕೊರತೆಯನ್ನೂ ಸಹಿಸಿ, ಅವನು ಕಣ್ಮುಚ್ಚುವವರೆಗೂ ಜೊತೆಯಾಗಿ ನಿಂತವಳು ಈಕೆ. ಆ ದಿನಗಳಲ್ಲಿ ಮಾರಾಟದ ದೃಷ್ಟಿಯಿಂದ ಮಿಲೆ ಶೃಂಗಾರಪ್ರಧಾನವಾದ ಪುಟ್ಟ ಚಿತ್ರಗಳನ್ನು ಬರೆಯುತ್ತಿದ್ದನು. ಒಂದು ಸಂಜೆ ಅಂಗಡಿಯ ಕಿಟಕಿಯ ಮುಂದೆ ನಿಂತಿದ್ದ ಇಬ್ಬರು ಅಪರಿಚಿತರು, ಇಂತಹ ಚಿತ್ರಗಳನ್ನು ಬಿಟ್ಟು ಬೇರೇನನ್ನೂ ಬರೆಯದವನೆಂದು ತನ್ನನ್ನೇ ಕುರಿತು ಆಡಿದ ಮಾತು ಅವನ ಕಿವಿಗೆ ಬಿತ್ತು. ಮನೆಗೆ ಬಂದು ಮಡದಿಗೆ ವಿಷಯ ತಿಳಿಸಿದನು. ಇನ್ನು ಮುಂದೆ ಇನ್ನಷ್ಟು ಕಷ್ಟಪಡಬೇಕಾದರೂ ಅಂಥ ಚಿತ್ರಗಳನ್ನು ಬರೆಯಬಾರದೆಂದು ಇಬ್ಬರೂ ನಿಶ್ಚಯಿಸಿದರು.

1848ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆ ಅಳಿಯಿತು. ಆ ವರ್ಷದ ರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಮಿಲೆಯ ಎರಡು ಚಿತ್ರಗಳಿದ್ದವು. ಬ್ಯಾಬಿಲೋನಿನಲ್ಲಿ ಸೆರೆಯಾದ ಯೆಹೂದ್ಯರನ್ನು ಕುರಿತ ದೊಡ್ಡ ಐತಿಹಾಸಿಕ ಚಿತ್ರವನ್ನು ಎಲ್ಲರೂ ಹಳಿದರು. ಮೊರದಲ್ಲಿ ಧಾನ್ಯ ತೂರುವ ಒಕ್ಕಲಿಗನ ಚಿತ್ರವನ್ನು ಹೊಸ ಸರ್ಕಾರದ ಮಂತ್ರಿಯೇ 500 ಫ್ರಾಂಕುಗಳಿಗೆ ಕೊಂಡನು. ತನ್ನ ದಾರಿ ಯಾವುದೆಂಬುದು ಮಿಲೆಗೆ ಖಚಿತವಾಯಿತು. ಹಳಿಸಿಕೊಂಡ ಚಿತ್ರ ಎಲ್ಲಿ ಹೋಯಿತೆಂಬುದು ನೂರಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಬಾಸ್ಟನ್ ಸಂಗ್ರಹಾಲಯದವರು 1984ರಲ್ಲಿ ಮಿಲೆಯ ಕುರುಬ ಹುಡುಗಿಯ ಚಿತ್ರವೊಂದನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ, ಅದರ ಬಣ್ಣದ ಪದರದಡಿಯಲ್ಲಿ ಆ ಸೆರೆಯಾಳುಗಳು ಕಾಣಿಸಿಕೊಂಡರು. ಅದೇ ಬಟ್ಟೆಯ ಮೇಲೆ ಚಿತ್ರಕಾರ ಮತ್ತೊಮ್ಮೆ ಬಣ್ಣ ಹಚ್ಚಿದ್ದನು.

1849ರಲ್ಲಿ ಪ್ಯಾರಿಸಿನಲ್ಲಿ ಕಾಲರಾ ಹಬ್ಬಿತು. ಮಕ್ಕಳನ್ನು ಉಳಿಸಿಕೊಳ್ಳುವ ಸಲುವಾಗಿ ಮಿಲೆ, ಚಾರ್ಲ್ಸ್ ಜಾಕ್ ಎಂಬ ಮಿತ್ರನ ಕುಟುಂಬದೊಡನೆ ನಗರವನ್ನು ಬಿಟ್ಟು, ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್ ದೂರದ ಬಾರ್ಬಿಜೋನ್ ಗ್ರಾಮವನ್ನು ಸೇರಿದನು. ಒಂದು ಕಡೆ ಫಾಂಟೆನ್‌ಬ್ಲೊ ಮಹಾರಣ್ಯ, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಹಬ್ಬಿದ ಬಯಲು ಹೊಲಗಳು. ಕೆಲವು ವಾರಗಳಿಗೆಂದು ಬಂದವನು ಉಳಿದ ಬಾಳನ್ನು ಅಲ್ಲಿಯೇ ಕಳೆದನು. ಬೆಳಗ್ಗೆ ತೋಟದಲ್ಲಿ ಅಗೆತ, ಬಿತ್ತನೆ. ಆ ಬಳಿಕ ಮಂದಬೆಳಕಿನ ಕೊಟ್ಟಿಗೆಯಂತಹ ಕೋಣೆಯಲ್ಲಿ ಚಿತ್ರರಚನೆ. ಆ ಊರಿನಲ್ಲಿ ನೆಲೆಸಿ ನಿಸರ್ಗವನ್ನು ಕಣ್ಣಾರೆ ಕಂಡು ಚಿತ್ರಿಸಿದ ಕಲಾವಿದರ ಬಳಗವನ್ನು ಕಲೆಯ ಇತಿಹಾಸ ಬಾರ್ಬಿಜೋನ್ ಪಂಥವೆಂದು ಕರೆಯುತ್ತದೆ. ಥಿಯೋಡರ್ ರೂಸೊ ಅವರಲ್ಲಿ ಹಿರಿಯನು. ಇತರರು ಬಯಲಿಗೆ ಹೋಗಿ ಗಿಡಮರಗಳನ್ನು ಎದುರಿಗಿಟ್ಟುಕೊಂಡು ಬರೆದರೆ, ಮಿಲೆ ಕಂಡುದನ್ನು ಮನಸ್ಸಿನಲ್ಲಿ ತುಂಬಿಕೊಂಡು ಬಂದು, ಸ್ಮರಣೆಯಿಂದ ಬರೆಯುತ್ತಿದ್ದನು. ಆದುದರಿಂದಲೇ ಅವನ ರೈತರಲ್ಲಿ ಬಿಡಿ ವಿವರಗಳು ಕರಗಿ, ದುಡಿಮೆಯ ಭಂಗಿಯೊಂದೇ ಶಿಲ್ಪದಂತೆ ನಿಲ್ಲುತ್ತದೆ.

ಬಾರ್ಬಿಜೋನಿನ ಮೊದಲ ಮಹಾಕೃತಿ ‘ಬಿತ್ತುವವನು’. 1850–51ರ ಪ್ರದರ್ಶನದಲ್ಲಿ ಇದು ಜನರ ಮುಂದೆ ಬಂದಿತು. ಸಂಜೆಗತ್ತಲು ಕವಿಯುತ್ತಿರುವ ಇಳಿಜಾರಿನ ಹೊಲ. ಹೆಗಲಿಗೆ ಬೀಜದ ಚೀಲ. ದಾಪುಗಾಲು ಹಾಕುತ್ತ ಬಲಗೈಯನ್ನು ಬೀಸಿ ಬೀಜವನ್ನು ಚೆಲ್ಲುತ್ತ ನಡೆದ ತರುಣ. ಹಿಂದೆ ಕಾಗೆಗಳ ಹಿಂಡು. ದೂರದ ಬೆಳಕಿನಲ್ಲಿ ಹಲುಬೆ ಎಳೆಯುವ ಎತ್ತುಗಳು. ಅವನ ಮುಖ ಟೋಪಿಯ ನೆರಳಿನಲ್ಲಿ ಮರೆಯಾಗಿದೆ. ಆತ ಇಂಥವನೆಂದು ಹೆಸರಿಸಲಾಗದು. ಬಿತ್ತುವ ಮನುಷ್ಯಕುಲವೇ ಅವನಾಗಿದ್ದಾನೆ. ಕ್ರಾಂತಿಯ ಭಯ ಇನ್ನೂ ಆರದ ಪ್ಯಾರಿಸಿನಲ್ಲಿ ಕೆಲವರಿಗೆ ಆ ಬೀಸಿದ ಕೈಯಲ್ಲಿ ಬಂಡಾಯವೇ ಕಂಡಿತು.

ಮಿಲೆಯ ಬಾಳಿನಲ್ಲಿ ಕೊನೆಯವರೆಗೂ ಮಾಯದೆ ಉಳಿದ ಗಾಯವೊಂದುಂಟು. ಪ್ಯಾರಿಸಿಗೆ ಕಳುಹಿಸಿದ ಅಜ್ಜಿ 1851ರಲ್ಲಿ ತೀರಿಕೊಂಡಳು. ವಿಧವೆ ತಾಯಿ ಮಗನ ಮುಖವನ್ನೊಮ್ಮೆ ನೋಡಬೇಕೆಂದು ಹಂಬಲಿಸುತ್ತ ಪತ್ರಗಳನ್ನು ಕಳುಹಿಸುತ್ತಲೇ ಇದ್ದಳು. ಸಂಸಾರದ ಭಾರದಲ್ಲಿ ಸಿಕ್ಕಿದ ಮಗನಿಗೆ ದೂರದ ನಾರ್ಮಂಡಿಗೆ ಹೋಗಿಬರುವಷ್ಟು ಹಣ ಕೂಡಿಬರಲಿಲ್ಲ. 1853ರಲ್ಲಿ ತಾಯಿಯೂ ಕಾದು ಕಾದು ಕಣ್ಮುಚ್ಚಿದಳು. ಆ ಬಳಿಕವೇ ಮಿಲೆ ಊರಿಗೆ ಹೋದುದು, ಅದೂ ಪಿತ್ರಾರ್ಜಿತದ ಹಂಚಿಕೆಗಾಗಿ. ಹೊಲಮನೆಯನ್ನು ಊರಿನಲ್ಲಿಯೇ ಉಳಿದ ಸೋದರನಿಗೆ ಬಿಟ್ಟು, ಚಿಕ್ಕಜ್ಜನ ಪುಸ್ತಕಗಳನ್ನೂ ಒಂದು ಹಳೆಯ ಮರದ ಬೀರುವನ್ನೂ ಮಾತ್ರ ಆತ ಕೇಳಿ ಪಡೆದನೆಂದು ಹೇಳುತ್ತಾರೆ. 1861ರ ಪ್ರದರ್ಶನದಲ್ಲಿ ‘ನಿರೀಕ್ಷೆ’ ಎಂಬ ಚಿತ್ರವನ್ನಿರಿಸಿದನು. ಬೈಬಲಿನ ಪರಂಪರೆಗೆ ಸೇರಿದ ಟೋಬಿಟನ ಕಥೆ ಅದರ ವಸ್ತು. ಹಳ್ಳಿಯ ಮನೆಯ ಬಾಗಿಲಿನಲ್ಲಿ ಕುರುಡನಾದ ಮುದಿತಂದೆ ತಡವರಿಸುತ್ತ ಹೊರಬರುತ್ತಿದ್ದಾನೆ. ಮುಂದೆ ನಿಂತ ಮುದಿತಾಯಿ ಮುಳುಗುವ ಸೂರ್ಯನತ್ತ ದಾರಿಯನ್ನು ದಿಟ್ಟಿಸುತ್ತಿದ್ದಾಳೆ. ಮಗ ಚಿತ್ರದಲ್ಲಿಲ್ಲ. ಕಥೆಯ ಮಗ ಕೊನೆಗೊಮ್ಮೆ ಮನೆಗೆ ಬಂದನು. ಮಿಲೆ ಸಕಾಲಕ್ಕೆ ಬರಲಾಗಲಿಲ್ಲ. ವಿಮರ್ಶಕರು ಈ ಚಿತ್ರವನ್ನು ಅಣಕವಾಡಿದರು. ಅದರ ಹಿಂದಿನ ನೋವು ಅವರಿಗೆ ತಿಳಿದಿರಲಿಲ್ಲ.

ಬಡತನದ ಈ ವರ್ಷಗಳಲ್ಲಿ ಮಿಲೆಯನ್ನು ಉಳಿಸಿದ್ದು ಸ್ನೇಹ. ಸರ್ಕಾರಿ ನೌಕರನಾಗಿದ್ದ ಆಲ್ಫ್ರೆಡ್ ಸಾಂಸಿಯೆ ಬಣ್ಣ, ಬಟ್ಟೆ, ಹಣ ಒದಗಿಸಿ, ಪ್ರತಿಯಾಗಿ ಚಿತ್ರಗಳನ್ನು ಪಡೆಯುತ್ತಿದ್ದನು. ಮಿಲೆಯ ಜೀವನಚರಿತ್ರೆಯನ್ನು ಮೊದಲು ಬರೆದವನೂ ಇವನೇ. ರೂಸೊವಿನ ಔದಾರ್ಯವಂತೂ ಸ್ಮರಣೀಯವಾದುದು. 1855ರಲ್ಲಿ ಮಿಲೆ ‘ಗಿಡಕ್ಕೆ ಕಸಿ ಕಟ್ಟುವ ರೈತ’ನನ್ನು ಬರೆದಾಗ ಅದನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಆಗ ರೂಸೊ, ಅಮೆರಿಕದ ಶ್ರೀಮಂತನೊಬ್ಬ ಅದನ್ನು ಬಯಸಿದ್ದಾನೆಂದು ಹೇಳಿ 4,000 ಫ್ರಾಂಕುಗಳನ್ನು ತಂದುಕೊಟ್ಟನು. ಅಂತಹ ಅಮೆರಿಕದವನು ಯಾರೂ ಇರಲಿಲ್ಲ, ಹಣ ರೂಸೊವಿನದೇ. ಮಿತ್ರನ ಹಸಿವನ್ನು ನೀಗಿಸುವುದರ ಜೊತೆಗೆ ಅವನ ಮಾನವನ್ನೂ ಕಾಯಬೇಕೆಂಬ ವಿವೇಕ ಈ ದಾನದಲ್ಲಿತ್ತು. ಸತ್ಯ ಹೊರಬಂದದ್ದು ಬಹುದಿನಗಳ ಮೇಲೆ.

1857ರಲ್ಲಿ ಬಂದ ‘ಹಕ್ಕಲಾಯುವವರು’ ಮಿಲೆಯ ಕೃತಿಗಳಲ್ಲಿಯೇ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ಸುಗ್ಗಿ ಮುಗಿದ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವ ಹಕ್ಕು ಫ್ರಾನ್ಸಿನ ಕಡುಬಡವರಿಗೆ ಹಿಂದಿನಿಂದಲೂ ಇದ್ದಿತು. ಚಿತ್ರದ ಹಿನ್ನೆಲೆಯಲ್ಲಿ ಬಿಸಿಲು ಹೊಳೆಯುತ್ತಿದೆ, ಬಣವೆಗಳು ಎದ್ದಿವೆ, ಗಾಡಿ ತುಂಬುತ್ತಿದೆ, ಕುದುರೆಯೇರಿದ ಮೇಲ್ವಿಚಾರಕ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾನೆ. ಆ ಸಮೃದ್ಧಿಯೆಲ್ಲ ಬಲು ದೂರ, ಬಲು ಚಿಕ್ಕದು. ಮುಂದೆ, ದೊಡ್ಡದಾಗಿ, ಮೂವರು ಹೆಂಗಸರು. ಇಬ್ಬರು ನೆಲಕ್ಕೆ ಬಾಗಿದ್ದಾರೆ. ಮೂರನೆಯವಳು ಅರ್ಧ ಬಾಗಿ ಸೊಂಟವನ್ನು ಸುಧಾರಿಸಿಕೊಳ್ಳುತ್ತಿದ್ದಾಳೆ. ಬಾಗಿದವರ ಬೆನ್ನು ದಿಗಂತದ ಗೆರೆಯನ್ನು ಮೀರುವುದಿಲ್ಲ. ನೆಲವೇ ಅವರನ್ನು ಹಿಡಿದಿಟ್ಟುಕೊಂಡಂತಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈಯೆಲ್ಲ ಮಣ್ಣಾದರೂ ಬಾಯಿಗೆ ಹಿಡಿ ಕಾಳು ಮಾತ್ರ ದಕ್ಕುವವರನ್ನು ಮಿಲೆ ಇಲ್ಲಿ ಕಾಣಿಸಿದನು. ಅವರನ್ನು ಅಳಿಸಲಿಲ್ಲ, ಬೇಡಿಸಲೂ ಇಲ್ಲ; ಪ್ರಾಚೀನ ದೇವಾಲಯದ ಶಿಲ್ಪಗಳಿಗಿರುವ ಗಾಂಭೀರ್ಯವನ್ನು ಅವರಿಗೆ ಕೊಟ್ಟನು. ಉಳ್ಳವರನ್ನು ಬೆಚ್ಚಿಸಿದ್ದು ಆ ಗಾಂಭೀರ್ಯವೇ. ಚಿತ್ರ 3,000 ಫ್ರಾಂಕುಗಳಿಗೆ ಮಾರಾಟವಾಯಿತು.

‘ಏಂಜೆಲಸ್’ ಎಂಬ ಪುಟ್ಟ ಚಿತ್ರದ ಕಥೆ ಇನ್ನೂ ವಿಚಿತ್ರವಾದುದು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಚರ್ಚಿನ ಗಂಟೆ ಬಾರಿಸಿದಾಗ ಸಲ್ಲಿಸುವ ಪ್ರಾರ್ಥನೆಗೆ ಆ ಹೆಸರು. ಗಂಟೆ ಕೇಳಿದೊಡನೆ ಅಜ್ಜಿ ಹೊಲದ ಕೆಲಸವನ್ನು ನಿಲ್ಲಿಸಿ, ಗತಿಸಿದವರಿಗಾಗಿ ಪ್ರಾರ್ಥಿಸುವಂತೆ ಮಕ್ಕಳಿಗೆ ಹೇಳುತ್ತಿದ್ದುದು ಮಿಲೆಯ ನೆನಪಿನಲ್ಲಿತ್ತು. ಮುಸ್ಸಂಜೆಯ ಆಲೂಗಡ್ಡೆಯ ಹೊಲ. ನೆಲಕ್ಕೆ ಚುಚ್ಚಿದ ಕವೆಗೋಲು. ನಡುವೆ ಬುಟ್ಟಿ, ಪಕ್ಕದಲ್ಲಿ ತಳ್ಳುಗಾಡಿ. ಗಂಡಸು ಟೋಪಿಯನ್ನು ಕೈಯಲ್ಲಿ ಹಿಡಿದು, ಹೆಂಗಸು ಕೈಜೋಡಿಸಿ, ತಲೆಬಾಗಿ ನಿಂತಿದ್ದಾರೆ. ದೂರದಲ್ಲಿ ಶಾಯಿ ಗ್ರಾಮದ ಚರ್ಚಿನ ಗೋಪುರ. ಇದನ್ನು ಬರೆಯಿಸಿದ ಅಮೆರಿಕದ ಗಿರಾಕಿ ಕೊಂಡೊಯ್ಯಲು ಬರಲೇ ಇಲ್ಲ. 1860ರಲ್ಲಿ ಅದು ಸುಮಾರು 1,000 ಫ್ರಾಂಕುಗಳಿಗೆ ಮಾರಾಟವಾಯಿತು.

1863ರ ಪ್ರದರ್ಶನದಲ್ಲಿ ‘ಗುದ್ದಲಿ ಹಿಡಿದವನು’ ಎಂಬ ಚಿತ್ರ ಮತ್ತೊಂದು ಬಿರುಗಾಳಿಯನ್ನೆಬ್ಬಿಸಿತು. ಕಲ್ಲುಮುಳ್ಳಿನ ನೆಲವನ್ನು ಅಗೆದು ದಣಿದು, ಗುದ್ದಲಿಯ ಕಾವಿನ ಮೇಲೆ ಭಾರಬಿಟ್ಟು, ಬಾಯ್ದೆರೆದು ಉಸಿರು ತೆಗೆದುಕೊಳ್ಳುವ ಮನುಷ್ಯನನ್ನು ಕಂಡು ಅನೇಕರು ಮುಖ ತಿರುಗಿಸಿದರು. ಮಿಲೆಗೆ ಸಮಾಜವಾದಿ ಎಂಬ ಹಣೆಪಟ್ಟಿ ಹಚ್ಚಿದರು. ಆತ ಯಾವ ಪಕ್ಷಕ್ಕೂ ಸೇರಿದವನಲ್ಲ. ತಾನು ಹುಟ್ಟಿ ಬೆಳೆದ ಬದುಕನ್ನು ಕಂಡಂತೆ ಬರೆಯುವುದು ರಾಜಕೀಯವೆನಿಸಿಕೊಳ್ಳುವುದಾದರೆ, ಅದರ ಕಾರಣ ಆ ಬದುಕಿನಲ್ಲಿತ್ತು. ಮಾರನೆಯ ವರ್ಷ ಕುರಿಮಂದೆಯ ಮುಂದೆ ನಿಂತು ಹೆಣಿಗೆ ಹೆಣೆಯುವ ಕುರುಬ ಹುಡುಗಿಯ ಚಿತ್ರವನ್ನು ಕಂಡು ಅದೇ ಪ್ಯಾರಿಸ್ ಮೆಚ್ಚಿ ತಲೆದೂಗಿತು.

ಕಡೆಯ ಹತ್ತು ವರ್ಷಗಳಲ್ಲಿ ಭಾಗ್ಯ ಸ್ವಲ್ಪ ಕಣ್ತೆರೆಯಿತು. ಗಾವೆ ಎಂಬ ಸಂಗ್ರಾಹಕ ಬಣ್ಣದ ಕಡ್ಡಿಯ ಚಿತ್ರಗಳನ್ನು ತೊಂಬತ್ತರವರೆಗೆ ಬರೆಯಿಸಿಕೊಂಡನು. 1867ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಮಿಲೆಯ ಒಂಬತ್ತು ಚಿತ್ರಗಳು ಒಟ್ಟಿಗೆ ಪ್ರದರ್ಶನಗೊಂಡು ಮೊದಲ ದರ್ಜೆಯ ಪದಕ ದೊರೆಯಿತು. ಮರುವರ್ಷ ಸರ್ಕಾರ ಅವನಿಗೆ ‘ಲೀಜನ್ ಆಫ್ ಆನರ್’ ಗೌರವವನ್ನಿತ್ತಿತು. 1870ರಲ್ಲಿ, ಹಿಂದೆ ತನ್ನನ್ನು ತಿರಸ್ಕರಿಸಿದ್ದ ಪ್ರದರ್ಶನದ ತೀರ್ಪುಗಾರರ ಮಂಡಳಿಗೆ ತಾನೇ ಆಯ್ಕೆಯಾದನು. ಆದರೆ ಪ್ರಾಣಮಿತ್ರ ರೂಸೊ 1867ರ ಡಿಸೆಂಬರಿನಲ್ಲಿ ಅವನ ಕಣ್ಮುಂದೆಯೇ ತೀರಿಹೋಗಿದ್ದನು. 1870ರಲ್ಲಿ ಪ್ರಷ್ಯದೊಡನೆ ಯುದ್ಧ ಆರಂಭವಾದಾಗ ಮಿಲೆ ಸಂಸಾರಸಮೇತ ಶೆರ್ಬೂರಿಗೆ ಹೋಗಿ, 1871ರ ಕೊನೆಯವರೆಗೆ ಹುಟ್ಟೂರಿನ ಸೀಮೆಯಲ್ಲಿ ಉಳಿದನು. ತಂದೆ ಹಾಡುತ್ತಿದ್ದ ಗ್ರೆವಿಲ್ ಚರ್ಚನ್ನು ಆಗ ಬರೆಯಲಾರಂಭಿಸಿದನು. ಬಾಲ್ಯದ ಆ ಕಲ್ಲುಕಟ್ಟಡವನ್ನು ಸಾಯುವವರೆಗೂ ತಿದ್ದುತ್ತಲೇ ಇದ್ದನೆಂದರೆ ತಪ್ಪಾಗದು.

1874ರಲ್ಲಿ ಪ್ಯಾರಿಸಿನ ಪಾಂಥಿಯಾನ್ ಭವನದ ಗೋಡೆಗಳಿಗೆ ಚಿತ್ರ ಬರೆಯುವ ಕಾರ್ಯವನ್ನು ಸರ್ಕಾರ ಅವನಿಗೆ ಒಪ್ಪಿಸಿತು. ಮನ್ನಣೆ ಬಂದಿತ್ತು, ದೇಹ ಸೋತಿತ್ತು. 1875ರ ಜನವರಿ 20ರಂದು ಅರುವತ್ತನೆಯ ವಯಸ್ಸಿನಲ್ಲಿ ಮಿಲೆ ಬಾರ್ಬಿಜೋನಿನಲ್ಲಿ ಕೊನೆಯುಸಿರೆಳೆದನು. ಶಾಯಿ ಗ್ರಾಮದ ಸ್ಮಶಾನದಲ್ಲಿ ರೂಸೊವಿನ ಸಮಾಧಿಯ ಪಕ್ಕದಲ್ಲಿಯೇ ಅವನನ್ನು ಮಣ್ಣುಮಾಡಿದರು. ಹಿರಿಯ ಚಿತ್ರಕಾರ ಕೊರೊ, ತಾನೂ ಅದೇ ವರ್ಷ ಕಾಲವಾಗುವ ಮುನ್ನ, ಮಿಲೆಯ ವಿಧವೆ ಮತ್ತು ಮಕ್ಕಳ ನೆರವಿಗೆ 10,000 ಫ್ರಾಂಕುಗಳನ್ನು ನೀಡಿದನು.

ಆನಂತರ ನಡೆದುದು ವಿಧಿಯ ವಿಪರ್ಯಾಸ. 1889ರಲ್ಲಿ ‘ಏಂಜೆಲಸ್’ ಹರಾಜಿಗೆ ಬಂದಾಗ ಫ್ರಾನ್ಸಿನವರೂ ಅಮೆರಿಕದವರೂ ಪೈಪೋಟಿಗಿಳಿದು ಬೆಲೆ 5,53,000 ಫ್ರಾಂಕುಗಳಿಗೆ ಏರಿತು. ಅಮೆರಿಕಕ್ಕೆ ಹೋದ ಚಿತ್ರವನ್ನು ಶೋಶಾರ್ ಎಂಬ ವ್ಯಾಪಾರಿ 7 ಲಕ್ಷಕ್ಕೂ ಹೆಚ್ಚು ಫ್ರಾಂಕುಗಳನ್ನು ತೆತ್ತು ಮರಳಿ ತಂದು, ಕೊನೆಗೆ ರಾಷ್ಟ್ರಕ್ಕೆ ಬಿಟ್ಟುಹೋದನು. ಹರಾಜಿನ ಕಾಲಕ್ಕೆ ಕ್ಯಾಥರಿನ್ ಬದುಕಿದ್ದಳು. ಆ ಹಣದಲ್ಲಿ ಚಿತ್ರಕಾರನ ಮನೆಗೆ ಬಿಡಿಗಾಸಿನ ಹಕ್ಕೂ ಇರಲಿಲ್ಲ. ಕಲಾಕೃತಿ ಮತ್ತೆ ಮತ್ತೆ ಮಾರಾಟವಾದಾಗ ಬೆಲೆಯ ಒಂದು ಅಂಶ ಕಲಾವಿದನಿಗೋ ಅವನ ವಾರಸುದಾರರಿಗೋ ಸಲ್ಲಬೇಕೆಂಬ ಶಾಸನವನ್ನು ಫ್ರಾನ್ಸ್ 1920ರಲ್ಲಿ ಮಾಡಿತು. ಅದಕ್ಕೆ ಮುಂಚಿನ ಚರ್ಚೆಯಲ್ಲಿ ಎಲ್ಲರ ಬಾಯಲ್ಲಿಯೂ ಬಂದ ನಿದರ್ಶನ ಈ ಚಿತ್ರವೇ. ತನ್ನ ಕುಂಚ ಮನೆಯವರಿಗೆ ತಂದುಕೊಡದಿದ್ದುದನ್ನು ಮುಂದಿನ ಕಲಾವಿದರ ಮಕ್ಕಳಿಗೆ ದೊರಕಿಸಿಕೊಡಲು ಮಿಲೆ ಹೀಗೆ ಕಾರಣನಾದನು. ‘ಏಂಜೆಲಸ್’ ಮತ್ತು ‘ಹಕ್ಕಲಾಯುವವರು’ ಇಂದು ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿವೆ. ‘ಬಿತ್ತುವವನು’ ಚಿತ್ರದ ಒಂದು ಪ್ರತಿ ಬಾಸ್ಟನ್ನಿನಲ್ಲಿಯೂ ಇನ್ನೊಂದು ಜಪಾನಿನ ಯಮನಾಶಿಯಲ್ಲಿಯೂ ಇವೆ.

ಮಿಲೆಯ ನಿಜವಾದ ಉತ್ತರಾಧಿಕಾರಿ ಡಚ್ ಚಿತ್ರಕಾರ ವಿನ್ಸೆಂಟ್ ವಾನ್ ಗೋ. ಇಬ್ಬರೂ ಮುಖಾಮುಖಿಯಾದವರಲ್ಲ. ಆದರೂ 1889–90ರಲ್ಲಿ ಸಾಂ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ವಾನ್ ಗೋ ಮಿಲೆಯ ಕೃತಿಗಳ ಮುದ್ರಿತ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ತನ್ನದೇ ಬಣ್ಣಗಳಲ್ಲಿ ಮತ್ತೆ ಬರೆದನು. ಸಾಧಾರಣ ಮನುಷ್ಯನ ದುಡಿಮೆ ಕಲೆಗೆ ತಕ್ಕ ವಸ್ತುವೆಂಬ ಧೈರ್ಯವನ್ನು ಆತ ಪಡೆದದ್ದು ಮಿಲೆಯಿಂದ.

ಅರಣ್ಯದಂಚಿನ ಬಂಡೆಯೊಂದರಲ್ಲಿ ಮಿಲೆ ಮತ್ತು ರೂಸೊ ಇಬ್ಬರ ಮುಖಗಳನ್ನು ಜೊತೆಯಾಗಿ ಅಳವಡಿಸಿದ ಕಂಚಿನ ಫಲಕವನ್ನು 1884ರಲ್ಲಿ ನಿಲ್ಲಿಸಿದರು. ನಾರ್ಮಂಡಿಯ ಒಂದು ಒಕ್ಕಲು ಮನೆ ತನ್ನ ಹಿರಿಯ ಮಗನನ್ನು ಹೊಲದಿಂದ ಬಿಟ್ಟುಕೊಟ್ಟಿತು. ಒಂದು ಪಟ್ಟಣ ಅವನ ಓದಿಗೆ ನೆರವಿತ್ತಿತು. ಒಬ್ಬ ಗೆಳೆಯ ಹೆಸರು ಮರೆಸಿ ಅವನ ಅನ್ನಕ್ಕೆ ಒದಗಿದನು. ಆ ಋಣವನ್ನು ಆತ ಹಣದಿಂದ ತೀರಿಸಲಾರದೆ ಹೋದನು. ಕಾದ ತಾಯಿಗೆ ಮುಖ ತೋರಿಸಲೂ ಆಗಲಿಲ್ಲ. ಬಿಟ್ಟುಬಂದ ಹೊಲದ ಜನರನ್ನು ಮಾತ್ರ ಅವನು ಒಂದು ದಿನವೂ ಮರೆಯಲಿಲ್ಲ. ಜಗತ್ತು ನೋಡದೆ ದಾಟಿಹೋಗುತ್ತಿದ್ದ ಆ ಬಾಗಿದ ಬೆನ್ನುಗಳ ಮುಂದೆ ಇಂದು ದೇಶದೇಶಗಳ ಜನ ನಿಂತು ನೋಡುತ್ತಾರೆ. ಮಿಲೆ ತೀರಿಸಿದ ಋಣ ಅದು.